ಹನ್ನೆರಡು ನಿಮಿಷಕ್ಕೊಮ್ಮೆ

ಮೊದಲು ಕೇಳುವುದು ವೈಪರಿನ ಸದ್ದು.
ಒಣ ಗಾಜಿನ ಮೇಲೆ ರಬ್ಬರು ಕಿರಗುಟ್ಟುತ್ತದೆ.
ಮಳೆ ನಿಂತು ಎಷ್ಟೋ ಹೊತ್ತಾಗಿದೆ,
ಆರಿಸುವವರಿಲ್ಲ.

ಬರ್ಗೆನ್ನಿನ ಕಚೇರಿಯ ಮೂರನೇ ಮಹಡಿಯಲ್ಲಿ
ಕಿವಿಗೆ ಹೆಡ್‌ಫೋನು ಹಾಕಿ ಕೂತು
ಆ ರಾತ್ರಿಯ ಮೂರು ಗಂಟೆ ನಲವತ್ತೊಂದು ನಿಮಿಷವನ್ನು
ಇಂದು ಏಳನೇ ಸಲ ಕೇಳುತ್ತಿದ್ದೇನೆ.
ಯಾರೂ ಕಿರುಚುವುದಿಲ್ಲ. ಯಾರೂ ಏನೂ ಅನ್ನುವುದಿಲ್ಲ.
ವೈಪರು. ಎಂಜಿನ್ನಿನ ಗುಂಯ್‌ಗುಡುವಿಕೆ. ಆಮೇಲೆ, ಬಹಳ ಮೆತ್ತಗೆ,
ಒಂದು ಗೊರಕೆ.

ಹಡಗು ದೊಡ್ಡದೇನಲ್ಲ. ಸಾಲ್ಮನ್ ಮೀನಿಗೆ ಹಾಕುವ ಮೇವು
ಎಂಟುನೂರು ಟನ್ನು, ಆರು ಜನ, ಒಂದು ಬೆಕ್ಕು.
ಹನ್ನೊಂದು ನಾಟ್ ವೇಗದಲ್ಲಿ, ನೆಟ್ಟಗೆ,
ತಿರುಗಬೇಕಾದಲ್ಲಿ ತಿರುಗದೆ
ಹೆಲ್ಲೆಹೋಲ್ಮದ ಬಂಡೆಯನ್ನು ಏರಿತು.
ದೀಪಸ್ತಂಭ ಉರಿಯುತ್ತಲೇ ಇತ್ತು. ಸಮುದ್ರ ಕನ್ನಡಿ.
ಗಾಳಿಯ ಮೇಲೆ ಹೊರಿಸೋಣವೆಂದರೆ
ಗಾಳಿಯೇ ಇರಲಿಲ್ಲ.

ನಮ್ಮ ನಮೂನೆಯಲ್ಲಿ ಒಂದು ಚೌಕವಿದೆ: ಕಾರಣ.
ಹೆಬ್ಬೆರಳಿನ ಉಗುರಿನಷ್ಟು ಜಾಗ.
'ಮಾನವ ದೋಷ' ಅನ್ನುವ ಎರಡು ಪದ ಅದರಲ್ಲಿ
ಹೇಳಿ ಮಾಡಿಸಿದಂತೆ ಕೂರುತ್ತವೆ.
ಆಮೇಲೆ ಎಲ್ಲರೂ ಊಟಕ್ಕೆ ಹೋಗಬಹುದು.

ಐವಾರ್ಸ್, ಎರಡನೇ ಅಧಿಕಾರಿ, ಲಿಯೆಪಾಯಾದವನು,
ನನ್ನೆದುರು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು
ಅದರ ಅಂಚನ್ನು ತಿರುಗಿಸುತ್ತಿದ್ದ, ಚುಕ್ಕಾಣಿಯ ಹಾಗೆ.
"ನಿದ್ದೆ ಹೋದೆ. ಬರೆದುಕೊಳ್ಳಿ. ತಪ್ಪು ನನ್ನದು."
ಅಷ್ಟು ಬೇಗ ತಪ್ಪೊಪ್ಪಿಕೊಳ್ಳುವವರೆಂದರೆ ನನಗೆ ಭಯ.
ಹಿಂದಿನ ದಿನ ಏನು ತಿಂದೆ ಅಂತ ಕೇಳಿದೆ.
ನೆನಪಿಲ್ಲ.
ಯಾವ ಬಂದರು? ಬೆರಳು ಮಡಿಸಿ ಎಣಿಸಿದ.
ನಾಲ್ಕು ದಿನ, ಒಂಬತ್ತು ಬಂದರು.
ಆರು ಗಂಟೆ ಕಾವಲು, ಆರು ಗಂಟೆ ಬಿಡುವು,
ಬಿಡುವಿನಲ್ಲಿ ಹಗ್ಗ ಹಿಡಿಯಬೇಕು, ಮೇವಿನ ಕೊಳವೆ ಜೋಡಿಸಬೇಕು,
ಸಹಿಗೆ ಕಾಯಬೇಕು.
ವಿಶ್ರಾಂತಿಯ ಪುಸ್ತಕ ತೆರೆದರೆ ಮಾತ್ರ
ಹಡಗಿಗೆ ಹಡಗೇ ತೊಟ್ಟಿಲು:
ದಿನಕ್ಕೆ ಹತ್ತು ಗಂಟೆ ನಿದ್ದೆ, ಆರೂ ಮಂದಿಗೆ,
ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ.

ಕಾವಲುಗಾರನನ್ನು ಕಾಯಲು ಒಂದು ಅಲಾರಂ ಇದೆ.
ಹನ್ನೆರಡು ನಿಮಿಷಕ್ಕೊಮ್ಮೆ ಕೇಳುತ್ತದೆ: ಇದ್ದೀಯಾ?
ಗುಂಡಿ ಒತ್ತಬೇಕು, ಇದ್ದೇನೆ ಅಂತ.
ಒತ್ತದಿದ್ದರೆ ಕ್ಯಾಪ್ಟನ್ನನ ದಿಂಬಿನ ಬಳಿ ಬೊಬ್ಬೆ.
ಕ್ಯಾಪ್ಟನ್ ವೀಸ್ಲಾವ್‌ನಿಗೆ ಐವತ್ತೆಂಟು, ನಿದ್ದೆ ಮೊದಲೇ ತೆಳು.
ಕೀಲಿ ತಿರುಗಿಸಿ ಅದರ ಬಾಯಿ ಮುಚ್ಚಿಸಿ
ಕೀಲಿಯನ್ನು ಜೇಬಿಗಿಳಿಸಿದ್ದ,
ಮಾರ್ಚ್ ತಿಂಗಳಿಂದ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಕ್ಕದಲ್ಲಿ ನಿಲ್ಲಬೇಕಾದವನು
ರೊಡೇಲಿಯೊ, ಇಪ್ಪತ್ತಮೂರು, ಇಲೊಯಿಲೊದ ಹುಡುಗ.
ಅವನು ಕೆಳಗೆ, ಹಡಗಿನ ಮೂತಿಯ ಉಗ್ರಾಣದಲ್ಲಿ,
ಕೈಯಲ್ಲಿ ಬ್ರಷ್ಷು, ಬೂದು ಬಣ್ಣ.
ಬೆಳಗ್ಗೆ ತಪಾಸಣೆಯವರು ಬರುವವರಿದ್ದರು.
ಬಂಡೆ ಮೊದಲು ಬಂದದ್ದು ಅಲ್ಲಿಗೇ.
ಬೆಕ್ಕು ಬದುಕಿದೆ.

ಬಣ್ಣ ಬಳಿಯಲು ಹೇಳಿದ್ದು ಯಾರು? ಕ್ಯಾಪ್ಟನ್.
ಅವನಿಗೆ? ಕಂಪನಿಯಿಂದ ಬಂದ ಮೇಲ್.
ಕಂಪನಿಗೆ? ಕಳೆದ ತಪಾಸಣೆಯ ಟಿಪ್ಪಣಿ, ಐದನೇ ಸಾಲು:
'ಮುಂದಿನ ಉಗ್ರಾಣ, ಬಣ್ಣ ಕಿತ್ತಿದೆ.'
ಕೆಳಗಿನ ಸಹಿ ನನಗೆ ಗೊತ್ತು. ಗುದ್ವೇಯ್ಗ್,
ಪಕ್ಕದ ಮೇಜಿನವಳು, ಈ ಸಂಜೆ
ಮನೆಗೆ ಹೊರಡುವ ಮುನ್ನ
ನನ್ನ ಗಿಡಕ್ಕೂ ನೀರು ಹಾಕಿ ಹೋದಳು.
ಅವಳು ಬರೆದದ್ದು ನಿಜ.
ಬಣ್ಣ ಕಿತ್ತೇ ಇತ್ತು.

ಅಂದು ಹೊರಡುವಾಗ ಐವಾರ್ಸ್ ಬಾಗಿಲಲ್ಲಿ ತಡೆದು ನಿಂತ.
ಒಂದು ಮಾತು, ಬರೆಯುವುದು ಬಿಡುವುದು ನಿಮಗೆ ಬಿಟ್ಟದ್ದು.
ಕಬ್ಬಿಣ ಕಲ್ಲಿಗೆ ತಾಗಿ ಎಚ್ಚರವಾದಾಗ
ಅವನ ಕೈ ತಾನಾಗಿ ಚಾಚಿ
ಆ ಸತ್ತ ಗುಂಡಿಯನ್ನು ಒತ್ತಿತಂತೆ.

ಕಚೇರಿಯ ಗಡಿಯಾರದಲ್ಲಿ ಒಂದೂಕಾಲು. ಬೆಳಗ್ಗೆ ಆರಕ್ಕೆದ್ದವಳು ನಾನು.
ಚೌಕ ಇನ್ನೂ ಖಾಲಿ.
ಎಂಟನೇ ಸಲ ಹಾಕುತ್ತೇನೆ.
ತಗಡು ಹರಿಯುವ ಆ ದೀರ್ಘ ಸದ್ದಿನ ಅಡಿಯಲ್ಲಿ
ಹೌದು, ಇದೆ, ಇಷ್ಟು ದಿನ ನನಗೆ ಕೇಳಿರಲಿಲ್ಲ:
ಟಕ್.
ಟಕ್, ಟಕ್.
ಆಮೇಲೆ ವೈಪರು.